ಸವಳು ನೆಲದ ಕಾವು

ಅದೇ ಕೆಂಪು ಕಾಲು ಮತ್ತೆ, ಜೋಳದ ದಂಟಿನ ಹಾಗೆ ಸಪೂರ, ಬಿಳಿ ಹೊಟ್ಟೆಯ ಆ ಹಕ್ಕಿ ಜೈನಬಿಯ ತಲೆಯ ಮೇಲೆಯೇ ಕಿಕ್ ಕಿಕ್ ಎಂದು ಒದರುತ್ತ ಸುತ್ತುತ್ತಿದೆ — ಒದರು, ಒದರು, ತಪ್ಪೆಲ್ಲ ತನ್ನದೇ, ಇಡೀ ಶಲವಡಿ ಸೀಮೆ ಬಿಟ್ಟು ಈ ಎರಡೆಕರೆಗೇ ಬಂದು ಮೊಟ್ಟೆಯಿಡು ಅಂತ ತಾನೇ ಹೇಳಿ ಕಳಿಸಿದ್ದಳಲ್ಲ. ಜೆಸಿಬಿ ಬದುವಿನ ಮೇಲೆ ಗುರುಗುಡುತ್ತಿದೆ, ಇವತ್ತು ಬಿಟ್ಟರೆ ಮಳೆಗಾಲದೊಳಗೆ ಮತ್ತೆ ಸಿಗುವುದಿಲ್ಲ, ಬಸಿಗಾಲುವೆ ತೋಡದಿದ್ದರೆ ನಿಂತ ನೀರು ಇಳಿಯುವುದಿಲ್ಲ, ನೀರಿಳಿಯದಿದ್ದರೆ ಈ ವರ್ಷವೂ ಬಿತ್ತನೆಯಿಲ್ಲ — ಕೆನಾಲಿನ ನೀರು ಜಿನುಗಿ ಜಿನುಗಿ ಸವಳೆದ್ದ ಕರಿಮಣ್ಣು, ಮೇಲೆ ಸುಣ್ಣ ಬಳಿದಂತೆ ಉಪ್ಪು, ಹುಲ್ಲೂ ನೆಟ್ಟಗೆ ಏಳುವುದಿಲ್ಲ, ಈ ಹಕ್ಕಿಗೆ ಮಾತ್ರ ಮೊಟ್ಟೆಯಿಡಲು ಇದೇ ನೆಲ ಬೇಕಂತೆ, ಅದೂ ಕಾಲುವೆಗೆಂದು ಬೂದಿ ಚೆಲ್ಲಿ ಎಳೆದ ಗೆರೆಯ ಮೇಲೆಯೇ! ಗೋಕರ್ಣದ ಕಡೆ ಉಪ್ಪು ತಗಿಯೋ ಮಡ್ಯಾಗ ನೋಡೀನ್ರಿ ಇವನ್ನ, ಸಮುದ್ರದ ಬಾಜು ಇರ್ತಾವು ಎಂದ ಜೆಸಿಬಿ ಓಡಿಸುವ ಹುಲಿಗೇಶ, ಹಾಗಾದರೆ ಸಮುದ್ರಕ್ಕೇ ಹೋಗಬೇಕಿತ್ತು, ಇಲ್ಲೇನು ಕೆಲಸ ಇದಕ್ಕೆ? ಬ್ಯಾಡ ಅಂದಲ್ಲೇ ಹೋಗಿ ಕುಂದರ್ತೀ ನೀ — ಇದು ಗಂಡ ಹಸನಸಾಬನ ಮಾತು, ಹಕ್ಕಿಗಲ್ಲ, ತನಗೆ, ಈ ಹೊಲಾ ಕೊಟ್ಟು ಬಿಡು, ಅಣ್ಣಿಗೇರಿ ರಸ್ತೆ ಬಾಜು ಛಲೋ ತುಂಡು ಸಿಗತೈತಿ ಎಂದು ಹೇಳಿ ಹೇಳಿ ಸಾಕಾಗಿ ಅಂದದ್ದು, ಎಷ್ಟು ಉರಿದಿತ್ತು ಮೈ ಅವತ್ತು, ಅಪ್ಪ, ತನ್ನ ಅಬ್ಬಾ, ಉತ್ತ ಹೊಲ ಇದು, ಬಿಡು ಅಂದರೆ ಬಿಡುವುದಕ್ಕಾಗುತ್ತದೆಯೇ. ಅಲ್ಲ, ಹಕ್ಕಿಗೆ ತಾನೇನು ಕೇಡು ಬಗೆದಳೇ? ಮನೆಯ ಕೋಳಿಯನ್ನು ಕಾವಿಗೆ ಕೂರಿಸುವುದು ಹೇಗೋ ಹಾಗೆಯೇ ಬುಟ್ಟಿ ತಂದಳು, ಶೇಂಗಾ ಹೊಟ್ಟು ಹಾಸಿದಳು, ಗೆರೆಯ ಮೇಲಿನ ಕುಳಿಯಿಂದ ಚುಕ್ಕೆ ಚುಕ್ಕೆಯ ನಾಲ್ಕು ಮೊಟ್ಟೆ ಸೆರಗಿನಲ್ಲಿ ಹಿಡಿದು ತಂದು ಬದುವಿನ ಬೇವಿನ ನೆರಳಲ್ಲಿ ಇಟ್ಟಳು — ಬುಟ್ಟಿ ಎಲ್ಲಿಟ್ಟರೂ ಕೋಳಿ ಹಿಂದೆಯೇ ಬಂದು ಕೂರುತ್ತದೆ, ತವರಿನಲ್ಲೂ ಗಂಡನ ಮನೆಯಲ್ಲೂ ಒಮ್ಮೆಯೂ ತಪ್ಪಿದ್ದಿಲ್ಲ — ಬಾರವ್ವ, ಬಾ ಎಂದು ಕರೆದದ್ದೂ ಆಯಿತು, ಇತ್ತ ನೋಡಲೂ ಇಲ್ಲ ಹಾಳಾದ್ದು.

ಅಕ್ಕಾರ, ಹಕ್ಕಿ ಕುಂತೈತಿ ನೋಡ್ರಿ, ಹುಲಿಗೇಶನ ದನಿ, ಸಿಟ್ಟೆಲ್ಲ ಇಳಿದು ತಿರುಗುತ್ತಾಳೆ, ಬಂತೇ, ಕಡೆಗೂ ಬುದ್ಧಿ ಬಂತೇ — ಬುಟ್ಟಿ ಇಟ್ಟ ಹಾಗೆಯೇ ಇದೆ, ಹೊಟ್ಟಿನ ನಡುವೆ ನಾಲ್ಕೂ ಮೊಟ್ಟೆ, ಹಕ್ಕಿ ಅಲ್ಲಿ, ಗೆರೆಯ ಮೇಲೆ, ಬರಿದಾದ ಆ ಕುಳಿಯಲ್ಲಿ, ಕೆಂಪು ಕಾಲುಗಳನ್ನು ಮೆಲ್ಲಗೆ ಮಡಿಸುತ್ತಿದೆ, ಬಿಸಿಲಿಗೆ ಬಾಯಿ ತೆರೆದುಕೊಂಡು, ಅಲ್ಲೇನೂ ಇಲ್ಲವಲ್ಲೇ ಹುಚ್ಚಿ, ಏಳು, ಏಳು ಅಲ್ಲಿಂದ — ಸುರು ಮಾಡ್ಲೇನ್ರಿ ಅಕ್ಕಾರ, ಹೊತ್ತಾಗತೈತಿ — ಹೂಂ ಅನ್ನಬೇಕು, ಒಂದು ಹೂಂ ಅಂದರೆ ಮುಗಿಯಿತು — ಹಕ್ಕಿ ಕೊಕ್ಕು ಚಾಚಿ ಪಕ್ಕದ ಉಪ್ಪುಗಟ್ಟಿದ ಹೆಂಟೆಯೊಂದನ್ನು ಹೊರಳಿಸುತ್ತ, ಹೊರಳಿಸುತ್ತ, ಹೊಟ್ಟೆಯ ಕೆಳಗೆ ಎಳೆದುಕೊಂಡು, ಕೆಂಪು ಕಾಲು ಮಡಿಸಿ, ಮೊಟ್ಟೆಯೆಂದೇ ಅದರ ಮೇಲೆ ಕುಳಿತಿದೆ.