ಮೂರು ನಿಮಿಷದ ಬೋರ್ಡು

ಈಜುಕೊಳದ ಬಟ್ಟೆ ಬದಲಿಸುವ ಕೋಣೆಯಲ್ಲಿ, ಕೊನೆಯ ಬಾಗಿಲಿನ ಹಿಂದೆ, ಟೈಲರಮ್ಮ ಇಪ್ಪತ್ತು ನಿಮಿಷದಿಂದ ಬೆವರುತ್ತಿದ್ದಳು. ಈಜಿ ಬೆವರಿದ್ದಲ್ಲ ಮತ್ತೆ. ಒಂದೇ ಒಂದು ಬಟ್ಟೆ ಹಾಕಿಕೊಳ್ಳಲು! ಭುಜದಿಂದ ಮೊಣಕಾಲಿನವರೆಗೆ ಇರುವ ರೇಸಿನ ಸೂಟು ಅದು, ಕಪ್ಪಗೆ, ಕಾಗದದಷ್ಟು ತೆಳ್ಳಗೆ. ಕೈಯಲ್ಲಿ ಹಿಡಿದರೆ ಮಗುವಿನದೇನೋ ಅನ್ನಿಸುವಷ್ಟು ಚಿಕ್ಕದು. ಮೂವತ್ತು ವರ್ಷ ಊರಿನ ಹೆಂಗಸರಿಗೆಲ್ಲ ಸೊಂಟದ ಹತ್ತಿರ ಎರಡು ಬೆರಳು ಸಡಿಲ ಮಾಡಿಕೊಟ್ಟವಳು, ಈಗ ತನ್ನ ಐವತ್ತನಾಲ್ಕು ವರ್ಷದ ತೊಡೆಯನ್ನು ಆ ಕೊಳವೆಯೊಳಗೆ ತುರುಕುತ್ತಿದ್ದಳು.

ಅದನ್ನು ಕೊಂಡಾಗಲೇ ಒಳಗಡೆ ತಿರುವಿ ನೋಡಿದ್ದಳು. ಹೊಲಿಗೆಯೇ ಇಲ್ಲ, ಎಲ್ಲ ಬಿಸಿ ಮಾಡಿ ಅಂಟಿಸಿದ್ದು. ಬಿಚ್ಚಿ ದೊಡ್ಡದು ಮಾಡೋಣವೆಂದರೆ ಒಳಗೆ ಒಂದು ಬೆರಳು ಬಟ್ಟೆ ಬಿಟ್ಟಿಲ್ಲ. "ಮನುಷ್ಯರು ದಪ್ಪ ಆಗ್ತಾರೆ ಅನ್ನೋದೇ ಇವರಿಗೆ ಗೊತ್ತಿಲ್ವಲ್ಲ," ಎಂದು ಬೈದಿದ್ದಳು.

ಬೆಳಗಿನ ಬ್ಯಾಚಿನಲ್ಲಿ, ರಿಲೇ ತಂಡದ ನಾಲ್ವರ ನಡುವೆ, ಈ ಸೂಟಿನ ಬಗ್ಗೆ ಒಂದು ತಿಂಗಳು ಜಗಳ ನಡೆದಿತ್ತು. "ಅರ್ಧ ಗಂಟೆ ಮುಂಚೆ ಎದ್ದು ಬಂದು ಎರಡು ಸುತ್ತು ಜಾಸ್ತಿ ಈಜಿ. ಆ ಸೂಟು ಕೊಡೋ ಸೆಕೆಂಡು ಬಿಟ್ಟಿ ಸಿಗುತ್ತೆ," ಎಂದಿದ್ದಳು ನರ್ಸಮ್ಮ. "ಹೋದ ವರ್ಷದ ರೇಸಲ್ಲಿ ನಮಗೆ ಕಮ್ಮಿ ಬಿದ್ದಿದ್ದು ಅರ್ಧ ಸೆಕೆಂಡು. ಸೂಟು ಕೊಡೋದೂ ಅಷ್ಟೇ. ಲೆಕ್ಕ ಸರಿಹೋಯ್ತಲ್ಲ?" ಎಂದಿದ್ದಳು ಲೆಕ್ಕದ ಮೇಡಂ, ಶಾಲೆಯಲ್ಲಿ ಗಣಿತ ಹೇಳುವವಳು. ನಾಲ್ಕನೆಯವಳು ಟೈಲರಮ್ಮನ ಸ್ವಂತ ಅಕ್ಕ. ಅವಳು ಮಾತ್ರ, "ನಿನ್ನಿಷ್ಟ ಕಣೇ," ಎಂದಿದ್ದಳು.

ಆ ಅರ್ಧ ಸೆಕೆಂಡು ಹೋಗಿದ್ದು ಟೈಲರಮ್ಮನ ಪಾಲಿನಲ್ಲಿ. ತಿರುಗುವಾಗ ಗೋಡೆಗೆ ಕಾಲು ಸರಿಯಾಗಿ ತಾಗಿರಲಿಲ್ಲ. ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ಒಂದು ವರ್ಷ ಹೊಟ್ಟೆಯೊಳಗಿಟ್ಟುಕೊಂಡು, ಕೊನೆಗೆ ಎರಡು ತಿಂಗಳ ಹೊಲಿಗೆಯ ದುಡ್ಡು ಸುರಿದು ಸೂಟು ತಂದಳು.

ಕೊಳದ ಗೋಡೆಯ ಮೇಲೊಂದು ಕಪ್ಪು ಬೋರ್ಡಿದೆ. ಐವತ್ತು ದಾಟಿದ ನಾಲ್ವರು ಹೆಂಗಸರು, ತಲಾ ಐವತ್ತು ಮೀಟರಿನಂತೆ ಒಬ್ಬರ ನಂತರ ಒಬ್ಬರು, ಮೂರು ನಿಮಿಷದೊಳಗೆ ಈಜಿ ಮುಗಿಸಿದರೆ ಅವರ ಹೆಸರು ಆ ಬೋರ್ಡಿಗೆ ಏರುತ್ತದೆ. ಹಾಗೆ ಏರಿದ ಒಂದೊಂದು ಹೆಸರನ್ನೂ ಬಿಳಿ ಬಣ್ಣದಲ್ಲಿ ಬರೆದವಳು ಅಕ್ಕ. ಇಪ್ಪತ್ತೆಂಟು ವರ್ಷ ಆ ಕೊಳದ ಟಿಕೆಟ್ ಕೌಂಟರಿನಲ್ಲಿ ಕೂತವಳು ಅವಳು. ಅಕ್ಷರ ಮುತ್ತಿನಂತೆ ಅಂತ ನಿವೃತ್ತಿಯಾದ ಮೇಲೂ ಕರೆಯುತ್ತಿದ್ದರು. ಊರವರ ಹೆಸರೆಲ್ಲ ಬರೆದಳು, ತನ್ನದೊಂದು ಬರೆಯಲಿಲ್ಲ. ಮುಂದಿನ ತಿಂಗಳು ಅವಳಿಗೆ ಕಣ್ಣಿನ ಆಪರೇಷನ್. ಆಮೇಲೆ ನಿಧಾನಕ್ಕೆ ಈಜಬಹುದು, ಆದರೆ ಮೇಲಿನಿಂದ ಧುಮುಕುವ ಹಾಗಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಅಂದರೆ ರೇಸು ಇಲ್ಲ. ಅಂದರೆ ಇವತ್ತು ಆದರೆ ಆಯಿತು, ಇಲ್ಲದಿದ್ದರೆ ಅಕ್ಕನ ಹೆಸರು ಆ ಬೋರ್ಡಿಗೆ ಎಂದೂ ಇಲ್ಲ.

ಸೊಂಟ ದಾಟಿತು ಎಂದು ಟೈಲರಮ್ಮ ಉಸಿರು ಬಿಟ್ಟಳು. ಬಲತೊಡೆಯ ಹತ್ತಿರ ಒಂದು ಮಡಿಕೆ ಉಳಿದಿತ್ತು. ಅದನ್ನು ಚಿವುಟಿ ಮೇಲೆಳೆದಳು.

ಪರ್‌ ಎಂದಿತು.

ಬಗ್ಗಿ ನೋಡಿದರೆ ಅರ್ಧ ಬೆರಳಿನಷ್ಟು ಸೀಳು, ಒಳಗಿನಿಂದ ಬಿಳಿ ತೊಡೆ ಇಣುಕುತ್ತಿದೆ. ಸೂಟಿನ ಜೊತೆ ಬಂದ ಚೀಟಿಯಲ್ಲಿ ಬರೆದೇ ಇತ್ತು, ಉಗುರು ತಾಗಿಸಬೇಡಿ ಅಂತ. ಅದಕ್ಕೇ ನರ್ಸಮ್ಮ ಆಸ್ಪತ್ರೆಯ ಕೈಗವಸು ತಂದುಕೊಟ್ಟಿದ್ದಳು. ಇವಳೂ ರಾತ್ರಿಯೇ ಒಂಬತ್ತು ಬೆರಳಿನ ಉಗುರು ಕತ್ತರಿಸಿದ್ದಳು. ಬಲಗೈ ಹೆಬ್ಬೆರಳಿನದನ್ನು ಮಾತ್ರ ಬಿಟ್ಟಳು. ಹೊಲಿಗೆಯ ಅಂಚು ಒತ್ತಿ ಮಡಿಸಲು ಬೇಕಾದ ಉಗುರು ಅದು. ಮೂವತ್ತು ವರ್ಷದಲ್ಲಿ ಒಂದು ದಿನವೂ ಅದನ್ನು ಬುಡಕ್ಕೆ ಕತ್ತರಿಸಿದವಳಲ್ಲ, ಅದು ಉಗುರು ಅನ್ನುವುದೇ ಅವಳಿಗೆ ಮರೆತುಹೋಗಿತ್ತು. ಆ ಉಗುರು ಕೈಗವಸನ್ನೂ ತೂರಿಕೊಂಡು ಹೋಗಿ ಸೂಟಿಗೆ ಕೂತಿತ್ತು. "ಥೂ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು.

ಹೊರಗೆ ಮೈಕು ಕೂಗಿತು: "ಹತ್ತನೇ ಸ್ಪರ್ಧೆ." ಇವರದು ಹದಿನೇಳನೆಯದು.

ಹೀಗೇ ಧುಮುಕಿದರೆ ಸೀಳು ಮೊಣಕಾಲಿನವರೆಗೆ ಓಡುತ್ತದೆ. ಚೀಲದಲ್ಲಿ ಸೂಜಿಡಬ್ಬಿ ಇದೆ, ಅದಿಲ್ಲದೆ ಅವಳು ಎಲ್ಲಿಗೂ ಹೋಗುವವಳಲ್ಲ. ಆದರೆ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ನಿಯಮ ಅಂಟಿಸಿದ್ದರು: ಸೂಟು ಅಂಗಡಿಯಿಂದ ಬಂದ ಹಾಗೇ ಇರಬೇಕು, ಹೊಲಿಗೆ, ಟೇಪು, ತಿದ್ದುಪಡಿ ಕಂಡರೆ ಇಡೀ ತಂಡ ಹೊರಗೆ.

ಕಂಡರೆ ತಾನೆ?

ಟೈಲರಮ್ಮ ರಫೂ ಮಾಡುವುದರಲ್ಲಿ ಹೆಸರಾದವಳು. ಹರಿದ ಜಾಗದಲ್ಲಿ ಎಳೆಗೆ ಎಳೆ ನೇಯ್ದು, ಹರಿದಿತ್ತು ಎನ್ನುವುದನ್ನೇ ಅಳಿಸಿಬಿಡುವ ಕೆಲಸ ಅದು. ಮದುವೆಯ ಕೋಟು ಸಿಗರೇಟಿನಲ್ಲಿ ಸುಟ್ಟುಕೊಂಡು ಬಂದವರು, ಆಮೇಲೆ ಎಲ್ಲಿ ಸುಟ್ಟಿತ್ತು ಎಂದು ತಾವೇ ಹುಡುಕುತ್ತ ನಿಂತದ್ದುಂಟು. ಅವಳು ಸೂಟನ್ನು ಅರ್ಧ ಇಳಿಸಿ, ಕೂತು, ಅತಿ ಸಣ್ಣ ಸೂಜಿಗೆ ಕಪ್ಪು ರೇಷ್ಮೆ ಪೋಣಿಸಿದಳು. ಕೈ ನಡುಗುತ್ತಿತ್ತು. ಸೂಜಿ ಬಟ್ಟೆಗೆ ತಾಗಿದ ಕೂಡಲೇ ನಡುಕ ನಿಂತಿತು, ಅಭ್ಯಾಸ ಅಂದರೆ ಅದು. ಹನ್ನೊಂದನೇ ಸ್ಪರ್ಧೆ. ಹನ್ನೆರಡು. ಹದಿಮೂರು. ಗಂಟು ಒಳಗೆ ಮರೆಮಾಡಿ, ನೂಲು ಕಚ್ಚಿ ತುಂಡರಿಸಿ ನೋಡಿದಳು. ಹರಿದ ಗುರುತು ಏನೇನೂ ಇಲ್ಲ! ಇಂಥ ಹೊತ್ತಿನಲ್ಲೂ ಅವಳಿಗೆ ಒಂದು ಗಳಿಗೆ ಹೆಮ್ಮೆಯಾಯಿತು. ಸೂಟನ್ನು ಮತ್ತೆ ಭುಜದವರೆಗೆ ಏರಿಸಿ ಹೊರಟಳು.

ಬಾಗಿಲಲ್ಲಿ ತಪಾಸಣೆಯ ಹೆಂಗಸು ಕೂತಿದ್ದಳು. ಸೂಟಿನ ಬೆನ್ನ ಮೇಲಿನ ಕಂಪನಿಯ ಗುರುತು ನೋಡಿದಳು, ಹಿಂದೆ ಮುಂದೆ ತಿರುಗಿಸಿದಳು, ತೊಡೆಯ ಮೇಲೆ ಕಣ್ಣು ಆಡಿಸಿದಳು.

"ಹೊಸದಾ?"

"ಹೂಂ."

"ಚೆನ್ನಾಗಿದೆ. ಹೋಗಿ."

ಕೊಳದ ಬದಿಯಲ್ಲಿ ಕಾಯುವ ಬೆಂಚಿನ ಹತ್ತಿರ ಉಳಿದ ಮೂವರು ನಿಂತಿದ್ದರು. "ಬಂದ್ಳಪ್ಪಾ ಮಹಾರಾಣಿ! ಇನ್ನು ಐದು ನಿಮಿಷ ಆಗಿದ್ರೆ ನಾನೇ ಬಾಗಿಲು ಒಡೀತಿದ್ದೆ," ಎಂದಳು ನರ್ಸಮ್ಮ. ಅಕ್ಕ ತಂಗಿಯ ಭುಜದ ಪಟ್ಟಿ ಎಳೆದು ಸರಿಯಾಗಿ ಕೂರಿಸಿದಳು. ಆಮೇಲೆ ಬಗ್ಗಿ, ಮಡಿಕೆ ಉಳಿಯದ ಹಾಗೆ ಎರಡೂ ತೊಡೆಯ ಮೇಲೆ ಅಂಗೈಯಿಂದ ತೀಡಿದಳು. ಕಣ್ಣು ಮಂಜಾದಾಗಿನಿಂದ ಅವಳು ಎಲ್ಲವನ್ನೂ ಮುಟ್ಟಿಯೇ ನೋಡುವುದು.

ಬಲತೊಡೆಯ ಮೇಲೆ ಅವಳ ಬೆರಳು ನಿಂತಿತು.

"ಇದೇನೇ ಇದು?"

"ಏನಿಲ್ಲಕ್ಕ, ಮಡಿಕೆ."

"ಮಡಿಕೆ ತೀಡಿದ್ರೆ ಹೋಗುತ್ತೆ. ಇದು ಹೋಗ್ತಿಲ್ಲ." ಬೆರಳು ಹಿಂದಕ್ಕೂ ಮುಂದಕ್ಕೂ ಆಡಿತು. ಅಕ್ಕ ಮುಖವನ್ನು ತೀರಾ ಹತ್ತಿರ ತಂದು ನೋಡಿದಳು. "ಅಬ್ಬಾ! ಎಷ್ಟು ಚೆನ್ನಾಗಿ ಮಾಡಿದ್ದೀಯೇ," ಎಂದಳು ಮೆಲ್ಲಗೆ. ಆಮೇಲೆ ಅಂದಳು, "ತೆಗಿ."

"ಅಕ್ಕಾ, ತಪಾಸಣೆ ಆಯ್ತು. ಅವರಿಗೇ ಕಾಣಲಿಲ್ಲ."

"ನನಗೆ ಗೊತ್ತಾಯ್ತಲ್ಲ. ತೆಗಿ ಅಂದೆ."

ಮೈಕು ಹದಿನೈದನೇ ಸ್ಪರ್ಧೆ ಕರೆಯಿತು. ಲೆಕ್ಕದ ಮೇಡಂ ದನಿ ತಗ್ಗಿಸಿ, "ಅಕ್ಕಾ, ಸ್ವಲ್ಪ ಯೋಚನೆ ಮಾಡಿ. ಅವರು ವೇಗ ಜಾಸ್ತಿ ಮಾಡ್ಕೊಂಡಿಲ್ಲ, ಹರಿದದ್ದು ಸರಿ ಮಾಡ್ಕೊಂಡಿದ್ದಾರೆ ಅಷ್ಟೇ. ಯಾರಿಗೂ ಮೋಸ ಆಗಲ್ಲ," ಎಂದಳು.

"ನಿನಗೋಸ್ಕರ ಕಣೇ ಮಾಡಿದ್ದು!" ಎಂದಳು ಟೈಲರಮ್ಮ. "ಇವತ್ತು ಬಿಟ್ರೆ ನಿನಗೆ ಇನ್ನೊಂದು ದಿನ ಎಲ್ಲಿದೆ? ಹೋದ ಸಲ ನಾನೇ ಹಾಳು ಮಾಡಿದೆ. ಈ ಸಲನೂ ನಾನೇ ಹಾಳು ಮಾಡ್ಲಾ?"

ಅಕ್ಕ ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ನೋಡು, ನನ್ನ ಹೆಸರು ಅಲ್ಲಿ ಬರಬೇಕು ಅಂತ ನನಗೆಷ್ಟು ಆಸೆ ಇದೆ ನಿನಗೆ ಗೊತ್ತಿಲ್ಲ. ಪ್ರತಿ ಸಲ ಬೇರೆಯವರ ಹೆಸರು ಬರೆಯೋವಾಗ ಹೊಟ್ಟೆ ಉರಿದಿದೆ. ಆದ್ರೆ ಅದನ್ನ ಬರೆಯೋಳು ನಾನೇ ಕಣೇ. ಬರೆಯೋವಾಗ ನನ್ನ ಕೈ ನಡುಗಬಾರದು."

ತೆಗೆಯುವುದೆಂದರೆ ತಮಾಷೆಯೇ? ಹಾಕಿಕೊಳ್ಳಲು ಇಪ್ಪತ್ತು ನಿಮಿಷ, ಬಿಚ್ಚಲು ಕನಿಷ್ಠ ಹತ್ತು ಬೇಕು. ಇರುವುದು ಆರೋ ಏಳೋ. ಟೈಲರಮ್ಮ ಬಟ್ಟೆ ಬದಲಿಸುವ ಕೋಣೆಗೆ ಓಡಿದಳು, ಸೂಜಿಡಬ್ಬಿಯಿಂದ ಕತ್ತರಿ ತೆಗೆದಳು. "ಹಿಡ್ಕೋ," ಎಂದಳು ಹಿಂದೆಯೇ ಬಂದ ಅಕ್ಕನಿಗೆ. ಅಕ್ಕ ಮೈಗೆ ತಾಗದ ಹಾಗೆ ಬಟ್ಟೆಯನ್ನು ಎಳೆದು ಹಿಡಿದಳು. ಮೊಣಕಾಲಿನಿಂದ ಕಂಕುಳಿನವರೆಗೆ ಒಂದೇ ಸಮನೆ ಕತ್ತರಿ ಓಡಿತು. ಬಟ್ಟೆ ಕತ್ತರಿಸಿಯೇ ಬದುಕಿದವಳು, ಆದರೂ ಅಳತೆ ಹಾಕದೆ ಕತ್ತರಿಸಿದ್ದು ಅದೇ ಮೊದಲು. ಎರಡು ತಿಂಗಳ ದುಡಿಮೆ ಕಾಲಬುಡಕ್ಕೆ ಬಿತ್ತು.

ಅಭ್ಯಾಸಕ್ಕೆ ಹಾಕಿ ತೆಗೆದಿದ್ದ ಹಳೆಯ ಉಡುಪು ಒದ್ದೆಯಾಗಿ ಮೂಲೆಯಲ್ಲಿತ್ತು. ಹಿಂಬದಿ ಬಣ್ಣ ಹೋಗಿ ಜೋತುಬಿದ್ದದ್ದು. ಹಲ್ಲು ಕಚ್ಚಿಕೊಂಡು ಅದನ್ನೇ ಏರಿಸಿದಳು. ತಪಾಸಣೆಯ ಹೆಂಗಸು ಕಣ್ಣರಳಿಸಿ, "ಹೊಸದು ಏನಾಯ್ತ್ರೀ?" ಎಂದಳು. "ಹಿಡಿಸ್ಲಿಲ್ಲ," ಎಂದು ಹೇಳಿ ಟೈಲರಮ್ಮ ಓಡಿದಳು.

ನರ್ಸಮ್ಮ ಮೊದಲು ಧುಮುಕಿದಳು. ಚೆನ್ನಾಗಿ ಈಜಿದಳು. ಲೆಕ್ಕದ ಮೇಡಂ ಇನ್ನೂ ಚೆನ್ನಾಗಿ. ಕಟ್ಟೆಯ ತುದಿಯಲ್ಲಿ ಟೈಲರಮ್ಮ ಕಾಲ್ಬೆರಳು ಮಡಚಿ ನಿಂತಳು. ಮೇಡಂ ಕೈ ಗೋಡೆಗೆ ತಾಗಿದ್ದೇ ತಡ, ಹಾರಿದಳು.

ಹಳೆಯ ಉಡುಪಿನ ಕತ್ತಿನೊಳಗೆ ನೀರು ನುಗ್ಗಿತು, ಹೊಟ್ಟೆಯ ಹತ್ತಿರ ಬಟ್ಟೆ ಉಬ್ಬಿತು. ಯಾರೋ ಸೆರಗು ಹಿಡಿದು ಜಗ್ಗಿದ ಹಾಗೆ. ಆ ಸಿಟ್ಟಿಗೇ ಕೈ ಬೀಸಿದಳು. ಗೋಡೆ ಬಂತು. ಈ ಸಲ ಎರಡೂ ಪಾದ ಸರಿಯಾಗಿ ಕೂತವು, ಒದ್ದಳು. ಎದೆ ಸುಡುತ್ತಿತ್ತು, ಕಣ್ಣು ಕತ್ತಲಿಟ್ಟಿತು, ಬಿಡಲಿಲ್ಲ. ಗೋಡೆ ಮುಟ್ಟಿ ತಲೆ ಎತ್ತಿದಾಗ ಅಕ್ಕ ಅವಳ ಮೇಲಿಂದ ಹಾರಿ ಹೋದಳು. ಅಕ್ಕ ಧುಮುಕುವುದನ್ನು ಅವಳು ನೋಡಿದ್ದು ಅದೇ ಕೊನೆಯ ಸಲ.

ಪಕ್ಕದ ಸಾಲಿನ ಬ್ಯಾಂಕಿನ ನಾಲ್ವರು ಆಗಲೇ ಮುಗಿಸಿದ್ದರು. ಟೈಲರಮ್ಮ ಹಗ್ಗ ಹಿಡಿದು ಗಡಿಯಾರ ನೋಡಿದಳು. ಎರಡು ನಿಮಿಷ ಐವತ್ತು ಸೆಕೆಂಡು. ಅಕ್ಕ ಇನ್ನೂ ಅಷ್ಟು ದೂರ. ಎರಡು ಐವತ್ತಾರು. "ಬಾರೇ! ಬಾರೇ ಅಕ್ಕಾ!" ಎಂದು ಟೈಲರಮ್ಮ ಕಿರುಚಿದಳು. ನರ್ಸಮ್ಮ ಕಟ್ಟೆಯ ಮೇಲೆ ಕುಣಿಯುತ್ತಿದ್ದಳು, ಲೆಕ್ಕದ ಮೇಡಂ ಕಣ್ಣು ಮುಚ್ಚಿಕೊಂಡಿದ್ದಳು. ಎರಡು ಐವತ್ತೊಂಬತ್ತು. ಅಕ್ಕನ ಕೈ ಚಾಚಿತು. ತಾಗಿತು.

ಮೂರು ನಿಮಿಷ, ಅದರ ಮೇಲೆ ಒಂದು ಸೆಕೆಂಡಿನ ಹತ್ತು ಪಾಲಿನಲ್ಲಿ ಎರಡು ಪಾಲು.

ಸೂಟು ಇದ್ದಿದ್ದರೆ? ಇದ್ದಿದ್ದರೆ ಆಗಿಯೇ ಆಗುತ್ತಿತ್ತು. ಟೈಲರಮ್ಮನಿಗೆ ಅದರಲ್ಲಿ ಸಂಶಯವಿರಲಿಲ್ಲ. ಅವಳು ನೀರಿನಲ್ಲೇ ನಿಂತು ಅತ್ತಳು. ಅಕ್ಕ ಏದುಸಿರು ಬಿಡುತ್ತ, "ಎಷ್ಟಂತೆ?" ಎಂದಳು. ಹೇಳಿದರು. "ಹೋಗ್ಲಿ ಬಿಡು," ಎಂದು ಅಕ್ಕ ನಕ್ಕಳು. ಆದರೆ ಈಜುವ ಕನ್ನಡಕ ತೆಗೆದು ನೀರು ಚೆಲ್ಲಲು ಅವಳಿಗೆ ತುಂಬ ಹೊತ್ತು ಹಿಡಿಯಿತು.

ಮಧ್ಯಾಹ್ನ ಬೋರ್ಡು ಬರೆಯಲು ಅಕ್ಕನನ್ನೇ ಕರೆದರು. ಬ್ಯಾಂಕಿನ ನಾಲ್ವರು ಮೂರು ನಿಮಿಷದೊಳಗೆ ಬಂದಿದ್ದರಲ್ಲ. ಅಕ್ಕ ಸ್ಟೂಲು ಹತ್ತಿದಳು, ತಂಗಿ ಕೆಳಗೆ ಹಿಡಿದು ನಿಂತಳು. ಕುಂಚ ಬಿಳಿ ಬಣ್ಣದಲ್ಲಿ ಅದ್ದಿ, ಮೂಗು ಬೋರ್ಡಿಗೆ ತಾಗುವಷ್ಟು ಬಗ್ಗಿ, ಅಕ್ಕ ಒಂದೊಂದೇ ಅಕ್ಷರ ಬರೆದಳು.

"ಸಾಲು ನೇರ ಇದೆಯೇನೇ?"

ಟೈಲರಮ್ಮ ತಲೆ ಎತ್ತಿ ನೋಡಿದಳು. ಅವಳ ಕಣ್ಣು ಸುಳ್ಳು ಹೇಳುವ ಕಣ್ಣಲ್ಲ. ಕೊನೆಯ ಹೆಸರಿನ ಹತ್ತಿರ ಸಾಲು ಇಳಿದಿತ್ತು. ಬೇರೆಯವರಿಗೆ ಯಾರಿಗೂ ಕಾಣುವಂಥದ್ದಲ್ಲ. ನೇರ ಇದೆ ಅಂದುಬಿಟ್ಟರೆ ಅಕ್ಕನಿಗೆ ಎಷ್ಟು ಸಮಾಧಾನ! ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲಕ್ಕ. ಕೊನೇಲಿ ಒಂದು ನೂಲಿನಷ್ಟು ಇಳಿದಿದೆ."

ಅಕ್ಕ ಕೆಳಕ್ಕೆ ಕೈ ಚಾಚಿದಳು. "ಒರೆಸೋಕೆ ಏನಾದ್ರೂ ಕೊಡೇ."

ಚೀಲಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಕತ್ತರಿಸಿದ ಸೂಟು. ಅದನ್ನೇ ಕೊಟ್ಟಳು. ಅಕ್ಕ ಉಜ್ಜಿದಳು, ಆ ನುಣುಪು ಬಟ್ಟೆ ಬಣ್ಣ ಹೀರುವ ಬದಲು ಸುತ್ತ ಹರಡಿತು. "ಹಾಳಾದ್ದು! ಒರೆಸೋಕೂ ಆಗಲ್ವಲ್ಲೇ ಇದು!" ಎಂದಳು ಅಕ್ಕ. ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಸ್ಟೂಲು ಅಲುಗಾಡಿತು. ಕೊನೆಗೆ ಟೈಲರಮ್ಮ ತನ್ನ ಟವೆಲಿನ ತುದಿ ಕೊಟ್ಟಳು. ಅಕ್ಕ ಆ ಹೆಸರನ್ನು ಅಳಿಸಿ ಮತ್ತೆ ಬರೆದಳು.

"ಈಗ?"

"ಈಗ ನೇರ ಇದೆ."

ಅಕ್ಕ ಇನ್ನೊಂದು ಸಲ ಕೇಳಲಿಲ್ಲ.