ಹೂಂ ಎಂದವರ ರಕ್ತ

ನೀಲಿ ಹನಿಯಲ್ಲಿ ರಕ್ತ ಗಂಟು ಕಟ್ಟುತ್ತಿದೆ, ಒಡೆದ ಹಾಲಿನ ಹಾಗೆ, ಇಲ್ಲ, ಒದ್ದೆ ಮರಳಿನ ಹಾಗೆ, ಪರೀಕ್ಷೆಯ ಬಿಳಿ ಟೈಲನ್ನು ಬಲಕ್ಕೆ ವಾಲಿಸಿದರೂ ಎಡಕ್ಕೆ ವಾಲಿಸಿದರೂ ಕೆಂಪು ಕಣಗಳು ಒಂದನ್ನೊಂದು ಬಿಡುತ್ತಿಲ್ಲ — ಪಕ್ಕದ ಹಳದಿ ಹನಿಯಲ್ಲಿ ಮಾತ್ರ ಎಲ್ಲ ನುಣ್ಣಗೆ, ಗುಡಿಸಿಟ್ಟ ಅಂಗಳದ ಹಾಗೆ. ನೀಲಿಯಲ್ಲಿ ಗಂಟು ಕಟ್ಟಿದರೆ ಎ ಗುಂಪು, ಹಳದಿಯಲ್ಲಿ ಕಟ್ಟಿದರೆ ಬಿ, ಎರಡರಲ್ಲೂ ಕಟ್ಟದಿದ್ದರೆ ಓ, ಇದು ಮೊದಲ ತಿಂಗಳ ಪಾಠ, ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ, ಆದರೆ ಒಂಬತ್ತನೇ ಮಂಚದ ರೋಗಿಯ ಹೋದ ವರ್ಷದ ದಾಖಲೆ ಕಂಪ್ಯೂಟರಿನ ಮೇಲೆ ಓ ಎನ್ನುತ್ತಿದೆ, ನಾಳೆ ಅವರಿಗೆ ಹೊಟ್ಟೆಯ ಆಪರೇಷನ್, ಎರಡು ಚೀಲ ರಕ್ತ ಎತ್ತಿಡಿ ಅಂತ ಚೀಟಿ ಬಂದಿದೆ. ವರ್ಷಕ್ಕೊಂದು ಸಲ ಬದಲಾಯಿಸಲು ರಕ್ತವೇನು ಉಟ್ಟ ಬಟ್ಟೆಯೇ, ದೇವರು ಬರೆದದ್ದು ಬರೆದ ಹಾಗೆಯೇ ಇರುತ್ತದೆ. ಹಾಗಾದರೆ ತಪ್ಪಿದ್ದು ಯಾರು, ಹೋದ ವರ್ಷದವರೋ, ಇವತ್ತು ಬೆಳಿಗ್ಗೆ ರಕ್ತ ತೆಗೆದ ನಾನೋ — ಕೇಳುವುದೇನು ಬಂತು, ಅಂಗೈ ಬೆವರಿ ಕೈಗವಸು ಅಂಟಿಕೊಳ್ಳುತ್ತಿದೆ, ಅಂಗೈಗೆ ಆಗಲೇ ಗೊತ್ತಾಗಿದೆ. ಸೂಜಿ ತೆಗೆಯುವಾಗ ಮುಷ್ಟಿ ಬಿಡಿ ಅಂತ ಹೇಳಿದೆನಾ ನಾನು? ಮುಷ್ಟಿ ಕಟ್ಟಿ ಅಂದದ್ದು ನೆನಪಿದೆ. ಬಿಡಿ ಅಂದದ್ದು ನೆನಪಿಲ್ಲ.

ರಕ್ತಕ್ಕೆ ಬಾಯಿಲ್ಲ ಕಣಮ್ಮ, ಕೊಳವೆ ಮೇಲಿನ ಚೀಟಿಯೇ ಅದರ ಬಾಯಿ — ಮೊದಲ ದಿನವೇ ಹೇಳಿದ್ದರು, ಲ್ಯಾಬಿನ ಹಿರಿಯರು, ಕೊರಳಿಗೆ ಟೈಮರು ಕಟ್ಟಿಕೊಂಡು ಓಡಾಡುವುದರಿಂದ ತರಬೇತಿಯ ಹುಡುಗಿಯರ ಬಾಯಲ್ಲಿ ಗಡಿಯಾರದ ಸಾರ್ ಆದವರು. ರೋಗಿಯ ಹೆಸರು ನೀವು ಹೇಳಿ ಹೌದಾ ಅಂತ ಕೇಳಬೇಡಿ, ಅವರ ಬಾಯಿಂದಲೇ ಬರಲಿ, ಆಮೇಲೆ ಮಣಿಕಟ್ಟಿಗೆ ಕಟ್ಟಿದ ಹೆಸರಿನ ಪಟ್ಟಿ ಓದಿ, ಆಮೇಲೆ ಸೂಜಿ. ಅವರಿಗೆ ಹೆಸರೇ ಮರೆತುಹೋಗಿದ್ರೆ ಸಾರ್, ಒಬ್ಬ ಹುಡುಗಿ ಕೇಳಿದಳು. ಪಟ್ಟಿಗೆ ಮರೆತಿರಲ್ಲ, ನಿನಗೆ ಊಟದ ಗಂಟೆ ಮರೆಯಲ್ಲವಲ್ಲ, ಹಾಗೆ. ಎಲ್ಲರೂ ನಕ್ಕರು, ನಾನೂ ನಕ್ಕೆ, ಒಂದು ಗಳಿಗೆ ತಡವಾಗಿ, ಇಪ್ಪತ್ತರ ಹುಡುಗಿಯರ ನಡುವೆ ಮೂವತ್ತೆಂಟರವಳ ನಗು ಯಾವಾಗಲೂ ಒಂದು ಗಳಿಗೆ ತಡ. ದೊಡ್ಡಮ್ಮ, ಎಣ್ಣೆ ಮೈಕ್ರೋಸ್ಕೋಪಿಗೆ, ನಿಮ್ಮ ತಲೆಗಲ್ಲ, ಸ್ವಲ್ಪ ನಮಗೂ ಉಳಿಸಿ. ದೊಡ್ಡಮ್ಮ, ನಿಮ್ಮ ಅಕ್ಷರ ಮುತ್ತಿನ ಹಾಗಿದೆ, ನಮ್ಮ ಚೀಟಿನೂ ಬರೆದುಕೊಡಿ. ಕೆಟ್ಟವರಲ್ಲ, ಮಕ್ಕಳು. ಊಟದ ಹೊತ್ತಿಗೆ ಅವರದೊಂದು ಮೇಜು, ನಾನು ಕಿಟಕಿಯ ಕಡೆ. ಹಾಜರಿಯಲ್ಲಿ ನಾನು ಏಳನೇ ನಂಬರು, ಬಾಡಿಗೆ ಮನೆಯ ಯಜಮಾನಿಗೆ ಮೇಲಿನ ರೂಮು — ಮೇಲಿನ ರೂಮು, ನಲ್ಲಿ ನಿಲ್ಲಿಸ್ರೀ — ಅಣ್ಣ ಫೋನು ಮಾಡಿದರೆ ಹೇಗಿದ್ದೀಯ, ಊಟ ಆಯ್ತಾ, ಸರಿ ಇಡ್ತೀನಿ, ಅದರಲ್ಲಿ ಹೆಸರಿಗೆ ಜಾಗವೆಲ್ಲಿ. ಹೋದ ವಾರ ಬೀದಿಯಲ್ಲಿ ಯಾರೋ ನನ್ನ ಹೆಸರು ಕೂಗಿದರು, ಹಾಂ ಅಂತ ತಿರುಗಿದೆ, ಎಷ್ಟು ಬೇಗ ತಿರುಗಿದೆನೆಂದರೆ ಚೀಲದಿಂದ ಕೊಡೆ ಜಾರಿ ಬಿತ್ತು, ಒಬ್ಬ ತಾಯಿ ತನ್ನ ಪುಟ್ಟ ಮಗಳನ್ನು ಕರೆಯುತ್ತಿದ್ದಳು, ಇಬ್ಬರೂ ನನ್ನನ್ನು ನೋಡಿದರು, ಕೊಡೆ ಎತ್ತಿಕೊಂಡು ಬಂದೆ.

ಅಮ್ಮನಾದರೆ ಮಗಳೇ ಎನ್ನುತ್ತಿದ್ದಳು, ಹಾಸಿಗೆ ಹಿಡಿದ ಹತ್ತು ವರ್ಷವೂ ಮಗಳೇ, ದಿಂಬು ಸರಿಮಾಡು ಮಗಳೇ, ಕಥೆ ಹೇಳ್ತೀನಿ ಕೂತ್ಕೋ, ಆದ್ರೆ ಹೂಂಗುಟ್ಟಬೇಕು, ಹೂಂಗುಟ್ಟೋರಿಲ್ಲದ ಕಥೆ ದಾರಿ ತಪ್ಪುತ್ತೆ. ಊರಾಚೆ ಒಬ್ಬ ಒಂಟಿ ಮನುಷ್ಯ ಇದ್ದನಂತೆ. ಹೂಂ. ಅವನನ್ನ ಯಾರೂ ಕರೀತಿರಲಿಲ್ಲವಂತೆ, ಕರೆಯದೆ ಕರೆಯದೆ ಅವನ ಹೆಸರು ಅವನಿಗೇ ಮರೆತುಹೋಯ್ತಂತೆ. ಹೂಂ. ಒಂದು ದಿನ ಸಾವು ಬೀದಿಗೆ ಬಂದು ಇನ್ಯಾರದೋ ಹೆಸರು ಕೂಗಿತಂತೆ, ಇವನು ಬಾಗಿಲು ತೆಗೆದು ಬಂದೆ ಅಂದನಂತೆ. ಯಾಕಮ್ಮಾ, ಅದು ಅವನ ಹೆಸರಲ್ಲವಲ್ಲ? ಅಲ್ಲ, ಆದ್ರೆ ಕರೆದರಲ್ಲ ಮಗಳೇ, ಅಷ್ಟೇ ಸಾಕಾಯ್ತು ಅವನಿಗೆ. ವಾರಕ್ಕೊಮ್ಮೆ ಅಮ್ಮನ ರಕ್ತ ತೆಗೆಯಲು ಮನೆಗೆ ಬರುತ್ತಿದ್ದ ಟೆಕ್ನಿಷಿಯನ್ನೂ ಬಾಗಿಲಲ್ಲಿ ನಿಂತು ಆ ಕಥೆ ಕೇಳಿದ್ದ, ಮುಷ್ಟಿ ಕಟ್ಟಿ ಅಮ್ಮ ಅನ್ನುತ್ತಿದ್ದ, ರಕ್ತ ಕೊಳವೆಗೆ ಇಳಿದ ಕೂಡಲೇ ಮೆಲ್ಲಗೆ, ಬಿಡಿ ಅಮ್ಮ, ಆಯ್ತು. ಅವನು ಹೋದ ಮೇಲೆ ಅಮ್ಮ, ನೋಯದ ಹಾಗೆ ಚುಚ್ಚೋದೂ ಒಂದು ಪೂಜೆ ಕಣೇ ಎಂದಳು. ಆ ಮಾತೇ ನನ್ನನ್ನು ಇಲ್ಲಿಗೆ ತಂದದ್ದು, ರಬ್ಬರಿನ ಕೈಗೆ ಇನ್ನೂರು ಸಲ ಚುಚ್ಚಿಸಿದ್ದು. ಒಂದು ಮಧ್ಯಾಹ್ನ ಕಥೆ ನಡುವೆಯೇ ನಿಂತಿತು, ನಾನು ಹೂಂ ಎಂದೆ, ಮತ್ತೆ ಹೂಂ ಎಂದೆ, ಮೂರನೆಯ ಸಲ ಎದ್ದು ನೋಡಿದೆ.

ಬೆಳಿಗ್ಗೆ ವಾರ್ಡಿನಲ್ಲಿ ಒಂಬತ್ತನೇ ಮಂಚದ ಮೇಲೆ ಬಿಸಿಲು ಬಿದ್ದಿತ್ತು, ಬೂದು ಸ್ವೆಟರಿನ ಮುದುಕರೊಬ್ಬರು ಅದರಲ್ಲಿ ಕೂತಿದ್ದರು. ಹನ್ನೊಂದನೇ ಮಂಚ ಖಾಲಿಯಿತ್ತು, ಅವರು ಅಲ್ಲಿಯವರಿರಬಹುದು, ಒಂಬತ್ತರವರು ಎಕ್ಸ್‌ರೇಗೆ ಹೋದಾಗ ಬಿಸಿಲಿಗೆ ಬಂದು ಕೂತಿರಬಹುದು, ಇದು ಈಗ ಹೊಳೆಯುತ್ತಿದೆ. ಆಗ ಚೀಟಿಯ ಹೆಸರು ಓದಿ, ನೀವೇ ಅಲ್ವಾ ಎಂದೆ. ಹೂಂ, ಮಗಳೇ. ಮಗಳೇ! ಎರಡು ವರ್ಷದಿಂದ ಆ ಶಬ್ದ ನನ್ನ ಕಡೆಗೆ ಬಂದಿರಲಿಲ್ಲ, ಮಣಿಕಟ್ಟಿನ ಪಟ್ಟಿ ಇನ್ನೊಂದು ಕೈಯಲ್ಲಿ ಸ್ವೆಟರಿನ ತೋಳೊಳಗೆ ಇತ್ತು, ತೋಳು ಸರಿಸಬೇಕಿತ್ತು, ನಾನು ಸರಿಸಲಿಲ್ಲ, ಮಾತಾಡುತ್ತಾ ಕೂತೆ. ನಾಳೆ ಆಪರೇಷನ್ ಅಲ್ವಾ? ಹೂಂ. ಹೆದರಿಕೆ ಇಲ್ಲವಲ್ಲ? ಹೂಂ. ಮನೆಯವರು ನೋಡೋಕೆ ಬರ್ತಾರಾ? ಸ್ವಲ್ಪ ತಡೆದು, ಹೂಂ. ನಾನು ಏನು ಹೇಳಿದರೂ ಹೂಂ, ಕಥೆ ಕೇಳುವ ಮಗುವಿನ ಹಾಗೆ, ಹೂಂ ಎನ್ನುವುದು ನಿಂತರೆ ಹೇಳುವವಳು ಎದ್ದು ಹೋದಾಳು ಎಂಬ ಹೆದರಿಕೆಯಿಂದ, ಅಯ್ಯೋ, ನನಗೆ ಗೊತ್ತಾಗಬೇಕಿತ್ತು, ಜಗತ್ತಿನಲ್ಲಿ ಬೇರೆ ಯಾರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಾಗಬೇಕಿತ್ತು. ಮುಷ್ಟಿ ಕಟ್ಟಿ ಎಂದೆ. ಕಟ್ಟಿದರು. ಸೂಜಿ ಸಲೀಸಾಗಿ ಇಳಿಯಿತು, ಹತ್ತಿ ಒತ್ತಿ, ಖುಷಿಯಲ್ಲಿ ಕೊಳವೆಗೆ ಚೀಟಿ ಅಂಟಿಸಿ ಓಡಿ ಬಂದೆ, ಬಿಡಿ ಎನ್ನದೆ.

ಇನ್ನು ಒಂದೇ ವಾರ, ಸಾರ್ ರುಜು ಹಾಕಿದರೆ ನಾನು ಟೆಕ್ನಿಷಿಯನ್. ಕಪಾಟಿನ ಮೇಲೆ ತಪ್ಪಿನ ಪುಸ್ತಕ ಕೆಂಪು ಬೆನ್ನು ತೋರಿಸುತ್ತಾ ನಿಂತಿದೆ, ಅದರಲ್ಲಿ ಹೆಸರು ತಪ್ಪಿದ ಕೊಳವೆ ಒಂದು ಬಿದ್ದರೂ ಮತ್ತೆ ಆರು ತಿಂಗಳು ತರಬೇತಿ, ಮತ್ತೆ ಹೊಸ ಹುಡುಗಿಯರು, ಮತ್ತೆ ದೊಡ್ಡಮ್ಮ, ಮೇಲಿನ ರೂಮು. ಈ ಕೊಳವೆಯನ್ನು ಕಸದ ಡಬ್ಬಕ್ಕೆ ಹಾಕಿ, ಟೈಲು ತೊಳೆದು, ಸದ್ದಿಲ್ಲದೆ ಹೋಗಿ ಸರಿಯಾದ ರಕ್ತ ತಂದರೆ ಯಾರಿಗೆ ಗೊತ್ತು, ಕೈ ಆಗಲೇ ಟೈಲಿನ ಅಂಚು ಹಿಡಿದಿದೆ, ನಲ್ಲಿ ಮೂರೇ ಹೆಜ್ಜೆ — ಹೋದ ವರ್ಷದ ಆ ಒಂದು ಅಕ್ಷರ ಇಲ್ಲದೇ ಹೋಗಿದ್ದರೆ ನಾಳೆ ಓ ಗುಂಪಿನವರ ಮೈಗೆ ಎ ಇಳಿಯುತ್ತಿತ್ತೋ ಏನೋ, ಭಗವಂತ ಒಂದು ಅಕ್ಷರ ಅಡ್ಡ ಹಿಡಿದು ಕಾಪಾಡಿದ್ದಾನೆ, ಅದನ್ನು ನಲ್ಲಿಯಲ್ಲಿ ತೊಳೆಯುವುದೇ? ನಾಳೆ ಇನ್ನೊಬ್ಬಳು ಹೋಗಿ ಹೆಸರು ಓದುತ್ತಾಳೆ, ಬಿಸಿಲಿಗೆ ಕೂತ ಮುದುಕರು ಅವಳಿಗೂ ಹೂಂ ಎನ್ನುತ್ತಾರೆ. ಕಾಲು ನಲ್ಲಿಯ ಕಡೆ ಹೋಗಲಿಲ್ಲ. ಸಾರ್, ಒಂಬತ್ತನೇ ಮಂಚದ ಚೀಟಿ ಇದೆ, ರಕ್ತ ಅವರದಲ್ಲ. ಸಾರ್ ಟೈಮರು ನಿಲ್ಲಿಸಿದರು, ಟೈಲು ನೋಡಿದರು, ಕಂಪ್ಯೂಟರು ನೋಡಿದರು. ಹೆಸರು ಯಾರು ಹೇಳಿದ್ದು? ನಾನು. ಅವರೇನಂದ್ರು? ಹೂಂ ಅಂದ್ರು. ಆರು ತಿಂಗಳು, ಗೊತ್ತಲ್ಲ? ಗೊತ್ತು ಸಾರ್. ಕನ್ನಡಕ ತೆಗೆದು ಒರೆಸಿದರು, ಒರೆಸಿದ್ದನ್ನೇ ಒರೆಸಿದರು. ಹೋಗು ಏಳನೇ ನಂಬರು, ಮೊದಲು ಸರಿಯಾದ ರಕ್ತ ತಾ, ಪುಸ್ತಕ ಎಲ್ಲೂ ಓಡಿಹೋಗಲ್ಲ.

ಒಂಬತ್ತರಲ್ಲಿ ಈಗ ದಪ್ಪ ಮೀಸೆಯವರು, ನಿಮ್ಮ ಹೆಸರು ಹೇಳಿ ಎಂದೆ. ಯಾಕೆ ಚೀಟೀಲಿಲ್ವಾ, ಓದೋಕೆ ಬರಲ್ವಾ ನಿಮಗೆ? ಬರುತ್ತೆ, ನಿಮ್ಮ ಬಾಯಲ್ಲೇ ಕೇಳಬೇಕು. ಹೇಳಿದರು, ಪಟ್ಟಿ ಓದಿದೆ, ಮುಷ್ಟಿ ಕಟ್ಟಿ, ರಕ್ತ ಇಳಿಯಿತು, ಬಿಡಿ — ಎಷ್ಟು ಸುಲಭದ ಮಾತು. ಬಿಸಿಲು ಕಿಟಕಿ ದಾಟಿ ಹೋಗಿದೆ. ಹನ್ನೊಂದನೇ ಮಂಚದ ಅಂಚಿನಲ್ಲಿ ಬೂದು ಸ್ವೆಟರು, ಚುಚ್ಚಲು ನಾನು ಮೇಲೆ ಮಡಚಿದ ಅದರ ತೋಳು ಮಡಚಿದ ಹಾಗೆಯೇ, ಹತ್ತಿ ಒಣಗಿ ಅಂಟಿಕೊಂಡಿದೆ, ನನ್ನನ್ನು ನೋಡಿ ಮುಖ ಅರಳಿತು. ತಾತ, ನಿಮ್ಮ ಹೆಸರೇನು? ಇದೇ ಮೊದಲು ಕೇಳಬೇಕಾಗಿದ್ದ ಮಾತು, ನಾಲ್ಕು ಗಂಟೆ ತಡವಾಗಿ. ಅವರು ಯೋಚಿಸಿದರು, ನನಗೆ ಬೇಜಾರಾಗಬಾರದೆಂಬಂತೆ ನಕ್ಕರು, ಬೆಳಿಗ್ಗೆ ನೀನೇ ಹೇಳಿದೆಯಲ್ಲ ಮಗಳೇ, ಅದೇ. ಹೂಂ ಎಂದೆ, ಅವರ ಮೊಣಕಾಲಿನ ಮೇಲೆ ಆ ಕೈ, ಹೆಬ್ಬೆರಳು ಒಳಗೆ, ಗೆಣ್ಣುಗಳು ಬೆಳ್ಳಗೆ, ಬಿಡಿ ಎಂದು ನಾನು ಹೇಳಲಿಲ್ಲವೆಂದು, ಇನ್ನೂ ಹೇಳಿಲ್ಲವೆಂದು, ಬೆಳಿಗ್ಗೆಯಿಂದ ಕಟ್ಟಿಯೇ ಇರುವ ಮುಷ್ಟಿ — ಕಟ್ಟಿದ ಮುಷ್ಟಿ —