ಹೊಲಿಸದ ಕಣ

ಕೊಳ್ಳೇಗಾಲದ ಪಿ.ಎಂ. ಟ್ರೇಡಿಂಗ್ ಕಂಪನಿಯೊಳಗೆ ಎರಡು ವಾಸನೆಗಳಿದ್ದವು. ಮುಂದಿನ ಅರ್ಧದಲ್ಲಿ ಹೊಸ ಬಟ್ಟೆಯ ಗಂಜಿಯದು, ಹಿಂದಿನ ಅರ್ಧದಲ್ಲಿ ಮುಸುಕಿನ ಜೋಳ, ಅರಿಸಿನ ಮತ್ತು ಗೋಣಿಚೀಲದ್ದು. ನಡುವೆ ಒಂದು ಪ್ಲೈವುಡ್ ಗೋಡೆ. ಅದನ್ನು ಕಿತ್ತುಹಾಕಬೇಕು ಎಂದು ಮಹದೇವಪ್ರಸಾದ್ ಒಂದು ವರ್ಷದಿಂದ ಹೇಳುತ್ತಿದ್ದ. ಇರಲಿ ಎಂದು ಅವನ ತಂಗಿ ನಾಗಶ್ರೀ ಹೇಳುತ್ತಿದ್ದಳು. ಗೋಡೆ ಮುಗಿಯುವಲ್ಲಿ ಮೇಜು ಹಾಕಿಕೊಂಡು ಎರಡೂ ಕಡೆ ಕಾಣುವಂತೆ ಕೂರುತ್ತಿದ್ದ ಅವರ ತಂದೆ ಶಾಂತಮೂರ್ತಿ ಏನೂ ಹೇಳುತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಅವರೂ ಹೇಳಬೇಕಾಯಿತು. ಕೋಳಿ ಮೇವು ಮಾಡುವ ಕಂಪನಿಯೊಂದು ಈ ಸೀಮೆಯ ಜೋಳವನ್ನೆಲ್ಲ ಇವರ ಮೂಲಕವೇ ಕೊಳ್ಳಲು ತಯಾರಿತ್ತು. ಆದರೆ ಪೂರ್ತಿ ಗೋಡೌನು ಬೇಕು, ಅರ್ಧ ಸಾಲದು ಎಂದಿತ್ತು.

"ಭಾನುವಾರ ಇಬ್ರೂ ಬಂದು ಕೂತ್ಕಳಿ" ಎಂದರು ಶಾಂತಮೂರ್ತಿ. "ಮುಂದಿನ ವರ್ಷ ನಿಮ್ನಿಮ್ಮ ಯಾಪಾರ ಎಂಗದೆ ಅಂತ ಯೋಳಿ. ಯಾವುದು ನಿಲ್ತದೋ ಅದಕ್ಕೆ ಜಾಗ. ಆಮೇಲೆ ಮಕ ಊದಿಸ್ಕಂಡು ಓಡಾಡಬ್ಯಾಡಿ."

ನಾಗಶ್ರೀ ನಂಜನಗೂಡಿನ ಗಂಡನ ಮನೆಯಿಂದ ತಿರುಗಿ ಬಂದು ಆರು ವರ್ಷವಾಗಿತ್ತು. ಅವಳು ಬಂದಾಗ ಬಟ್ಟೆಯ ಕಡೆ ಸಾಯುತ್ತಿತ್ತು. ಮದುವೆಯ ಜವಳಿ ತೆಗೆಯಲು ಜನ ವ್ಯಾನು ಮಾಡಿಕೊಂಡು ಮೈಸೂರಿಗೆ ಹೋಗುತ್ತಿದ್ದರು. ಅವಳು ಸೀರೆ, ಪಂಚೆ ಎಲ್ಲ ಬಿಟ್ಟು ರವಿಕೆ ಕಣ ಒಂದನ್ನೇ ಹಿಡಿದಳು. ಈರೋಡಿನ ಮಿಲ್ಲಿನಿಂದ ಕಟ್ಟುಗಟ್ಟಲೆ ತರಿಸಿ ಹನೂರು, ಯಳಂದೂರು ಕಡೆಯ ಹಳ್ಳಿ ಅಂಗಡಿಗಳಿಗೆ ಹಾಕಿದಳು. ಅರಿಸಿನ ಕುಂಕುಮಕ್ಕೆ ಕರೆದ ಹೆಂಗಸರಿಗೆ ಒಂದು ಕಣ ಕೊಡದೆ ಕಳಿಸುವ ಮನೆ ಈ ಸೀಮೆಯಲ್ಲಿಲ್ಲ. ಲೆಕ್ಕ ಸರಿಯಾಗಿತ್ತು. ಮೊದಮೊದಲ ವರ್ಷಗಳಲ್ಲಿ ಮಾಲು ಹೋಯಿತು ಕೂಡ.

ಅಂಗಡಿ ಹೋದರೆ ಅವಳಿಗೆ ಊಟಕ್ಕೇನೂ ಕೊರತೆಯಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಇರುತ್ತಿರಲಿಲ್ಲ, ಅಷ್ಟೆ. ಅತ್ತಿಗೆಯ ಅಡುಗೆಮನೆಯಲ್ಲಿ ಎರಡನೆಯ ಹೆಂಗಸಾಗಿ ಸೊಪ್ಪು ಬಿಡಿಸುತ್ತಾ, ಯಾರಾದರೂ ಬಂದರೆ ಒಳಗೆ ಸರಿಯುತ್ತಾ ಇರಬೇಕಿತ್ತು. ಬಂದ ಹೊಸದರಲ್ಲಿ ಎಂಟು ತಿಂಗಳು ಹಾಗೆ ಇದ್ದು ನೋಡಿದ್ದಳು.

ಗೌರಿ ಹಬ್ಬದ ಆರ್ಡರುಗಳನ್ನು ಭಾನುವಾರದೊಳಗೆ ಹಿಡಿದರೆ ಅಪ್ಪನ ಮುಂದೆ ಇಡಲು ಮಾತಿರುತ್ತದೆ ಎಂದುಕೊಂಡು ಶುಕ್ರವಾರ ಯಳಂದೂರಿಗೆ ಹೋದಳು. ಬಸ್‌ಸ್ಟ್ಯಾಂಡ್ ಹತ್ತಿರ ಬಟ್ಟೆ ಅಂಗಡಿ ಇಟ್ಟಿದ್ದ ಚಿಕ್ಕಸಿದ್ದಯ್ಯ ಅವಳ ಹಳೆಯ ಗಿರಾಕಿ. ಅವಳನ್ನು ಕಂಡವನೇ ಸ್ಟೂಲು ಒರೆಸಿದ.

"ಬನ್ನಿ ಅಕ್ಕಾವ್ರೇ. ಟೀ ತರಿಸ್ಲಾ? ಟೀ ಕುಡ್ದು ಓದ್ರೆ ಸಂತೋಷ. ಮಾಲು ಇಳಿಸ್ತೀನಿ ಅಂದ್ರೆ ಮಾತ್ರ ಕಷ್ಟ."

"ಯಾಕೆ, ಓದ್ಸಲದ್ದು ಹೋಗಲಿಲ್ವಾ?"

"ಎಲ್ಲಿಗೆ ಓದದು? ಅಲ್ಲೇ ಅದೆ. ನನ್ನ ನೋಡ್ತದೆ, ನಾನು ಅದ ನೋಡ್ತೀನಿ." ಅವನು ಮೇಲಿನ ಅಟ್ಟಣಿಗೆ ತೋರಿಸಿದ. ಕಟ್ಟುಗಳ ದಾರ ಕೂಡ ಬಿಚ್ಚಿರಲಿಲ್ಲ. "ಸೀರೆಗೇ ಅಂಟ್ಕಂಡು ಕಣ ಬತ್ತದೆ. ಹೊಲ್ಸೋರು ಅದ ಕುಯ್ದು ಹೊಲಿಸ್ಕತಾರೆ. ಇಲ್ಲಾಂದ್ರೆ ರೆಡಿಮೇಡ್ ತಕತಾರೆ."

"ಹೊಲಿಸೋಕಲ್ಲಪ್ಪ, ಕೊಡೋಕೆ. ಗೌರಿ ಹಬ್ಬ ಬತ್ತಾ ಅದೆ."

"ಅಂಗಂತ ಓದ್ವರ್ಸಾನೂ ಯೋಳಿದ್ರಿ." ಚಿಕ್ಕಸಿದ್ದಯ್ಯ ನಕ್ಕ. ಆಮೇಲೆ ಅವಳ ಮುಖ ನೋಡಿ ಏನೋ ಅನಿಸಿರಬೇಕು. "ಆಯ್ತು, ಇಂಗ್ ಮಾಡಿ. ದುಡ್ಡು ಕೇಳಲ್ಲ ಅನ್ನೋದಾದ್ರೆ ಇಳಿಸ್ಬುಟ್ಟು ಓಗಿ. ಮಾರಿದ್ರೆ ಕೊಡ್ತೀನಿ. ಜಾಗಕ್ಕೇನ್ ಬಾಡಿಗೆ ಕೇಳಲ್ಲ ನಿಮ್ಗೆ."

ನಾಗಶ್ರೀ ಆರ್ಡರ್ ಬರೆದುಕೊಂಡಳು. ಹೋದ ವರ್ಷಕ್ಕಿಂತ ಹೆಚ್ಚೇ ಬರೆದುಕೊಂಡಳು. ದುಡ್ಡು ಕೇಳದಿದ್ದರೆ ಯಾವ ಅಂಗಡಿಯವನೂ ಬೇಡ ಅನ್ನುವುದಿಲ್ಲ. ಶನಿವಾರ ಬೆಳಿಗ್ಗೆ ಹನೂರು, ಅಲ್ಲಿಂದ ಕೌದಳ್ಳಿ. ಎಲ್ಲ ಕಡೆ ಇದೇ ಮಾತು ಆಡಿ ಇದೇ ರೀತಿ ಆರ್ಡರ್ ಹಿಡಿದಳು. ಈರೋಡಿನ ಮಿಲ್ಲಿನ ಏಜೆಂಟು ಫೋನು ಮಾಡಿ, "ಮೇಡಂ, ಸೋಮವಾರದೊಳಗೆ ಸೊಲ್ಲಿಬಿಡಿ, ಇಲ್ಲಾಂದ್ರೆ ಲೂಮು ಬೇರೆಯವ್ರಿಗೆ ಕೊಟ್ಬಿಡ್ತಾರೆ" ಎಂದ. ಹೇಳುತ್ತೇನೆ ಎಂದಳು. ಆರ್ಡರುಗಳ ಮೊತ್ತ ಚೆನ್ನಾಗಿ ಕಾಣುತ್ತಿತ್ತು. ಅಣ್ಣನ ಬಾಯಿ ಮುಚ್ಚಿಸಲು ಸಾಕಿತ್ತು.

ಅಂದು ಮಧ್ಯಾಹ್ನ ಅಜ್ಜೀಪುರದಲ್ಲಿ ಸೋದರತ್ತೆ ಶಿವರತ್ನಮ್ಮನ ಮನೆಯಲ್ಲಿ ಅವರ ಮಗಳು ಶಿವರಂಜನಿಗೆ ಬಳೆ ತೊಡಿಸುವ ಶಾಸ್ತ್ರವಿತ್ತು. ಹಾದಿಯ ಮೇಲೇ ಇದೆ, ಹೋಗದಿದ್ದರೆ ಮಾತು ಬರುತ್ತದೆ ಎಂದು ಹೋದಳು. ಗಂಡನ ಮನೆ ಬಿಟ್ಟವಳು ಇಂಥ ಕಡೆ ಹೋದರೂ ಮಾತು ಬರುತ್ತದೆ. ಊಟವಾಯಿತು. ಹೊರಡುವಾಗ ಶಿವರಂಜನಿ ಕುಂಕುಮ ಕೊಟ್ಟು, ಎಲೆ ಅಡಿಕೆ, ಬಾಳೆಹಣ್ಣು, ಒಂದು ಕಣ ಮಡಿಲಿಗೆ ಹಾಕಿದಳು.

ಹೊರಗೆ ಜಗುಲಿಯ ಮೇಲೆ ಕೂತು ನಾಗಶ್ರೀ ಅಭ್ಯಾಸಬಲದಿಂದ ಕಣವನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಕಿರಮಂಜಿ ಬಣ್ಣ. ಮಡಿಕೆಯ ಗೆರೆಗಳು ಬೆಳ್ಳಗಾಗಿದ್ದವು. ನುಸಿಗುಳಿಗೆಯ ವಾಸನೆ ಬಡಿಯಿತು. ಒಂದು ಮೂಲೆಯಲ್ಲಿ ಅರಿಸಿನದ ಬೆರಳಚ್ಚು, ಇನ್ನೊಂದು ಮೂಲೆಯಲ್ಲಿ ಕಾಗದದ ಚೀಟಿ: ಪುಟ್ಟಮಾದಪ್ಪ ಅಂಡ್ ಸನ್ಸ್, ಕೊಳ್ಳೇಗಾಲ.

ಪುಟ್ಟಮಾದಪ್ಪ ಅವಳ ತಾತ. ತಾತ ಹೋದ ಮೇಲೆ ಕಂಪನಿಯ ಹೆಸರು ಬದಲಾಗಿತ್ತು. ಅವಳು ಅಂಗಡಿಯಲ್ಲಿ ಕೂತ ಮೊದಲ ವರ್ಷ, ಉಳಿದಿದ್ದ ಹಳೆಯ ಚೀಟಿಗಳನ್ನು ದಂಡ ಮಾಡುವುದು ಯಾಕೆ ಎಂದು ಅವಳೇ ಕೂತು ಅಂಟಿಸಿದ್ದಳು. ಇದು ಆ ವರ್ಷದ ಮಾಲು.

"ಅತ್ತೆ, ಇದ ಎಲ್ಲಿ ತಕಂಡ್ರಿ?"

"ತಕಳದಾ?" ಶಿವರತ್ನಮ್ಮ ಎಲೆ ಅಡಿಕೆ ಅಗಿಯುತ್ತಾ ಹತ್ತಿರ ಬಂದು ನೋಡಿದರು. "ಇದು ಮುಳ್ಳೂರ್ನಿಂದ ಬಂದದ್ದು ಕಣೇ ಕೂಸೇ. ಮುಳ್ಳೂರಿನವ್ರಿಗೆ ಮೊದ್ಲು ನಾನೇ ಕೊಟ್ಟಿದ್ದೆ ಅನ್ಸ್ತದೆ. ಈ ಬಣ್ಣ ಯಾರಿಗೂ ಒಪ್ಪಲ್ಲ, ಅದ್ಕೆ ಎಲ್ರೂ ಮುಂದಕ್ಕೆ ತಳ್ತಾರೆ. ಟಿಕೆಟ್ಟೇ ಇಲ್ದಂಗೆ ಬಸ್‌ನಲ್ಲಿ ತಿರುಗ್ತಾ ಅದೆ ಮುಂಡೇದು."

ಅಲ್ಲಿ ಕೂತಿದ್ದ ಹೆಂಗಸರೆಲ್ಲ ನಕ್ಕರು. ಒಬ್ಬಾಕೆ, "ನಮ್ಮನೇಲಿ ಒಂದು ಅಸ್ರು ಬಣ್ಣದ್ದು ಅದೆ. ನನ್ನ ಮದ್ವೇಲಿ ಕೊಟ್ಟಿದ್ದು ನನ್ನ ಸೊಸೆ ಮದ್ವೇಲಿ ವಾಪಸ್ ಬಂತು" ಎಂದಳು.

"ಎಷ್ಟಿದಾವೆ ಅತ್ತೆ ನಿಮ್ಮತ್ರ?"

"ಬಾ ತೋರಿಸ್ತೀನಿ."

ಒಳಕೋಣೆಯಲ್ಲಿ ಒಂದು ಕಬ್ಬಿಣದ ಟ್ರಂಕು. ಶಿವರತ್ನಮ್ಮ ಮುಚ್ಚಳ ಎತ್ತಿದರು. ಅಂಚಿನವರೆಗೂ ಕಣಗಳು. ಮಡಿಕೆ ಕೂಡ ಬಿಚ್ಚದವು. ನಾಗಶ್ರೀ ಕೈ ಹಾಕಿ ತಿರುವಿ ನೋಡಿದಳು. ಹೆಚ್ಚಿನವು ಅವಳ ಮಾಲೇ. ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು.

"ಯಾವುದಾದ್ರೂ ಫಂಕ್ಷನ್ ಬಂದ್ರೆ ಇದ್ರಲ್ಲೇ ಆಯ್ತದೆ. ಅಂಗಡಿಗೆ ಯಾರ್ ಓದಾರು? ಒಂದ್ ಕೊಟ್ರೆ ಒಂದ್ ಬತ್ತದೆ. ಟ್ರಂಕು ಕಮ್ಮಿನೂ ಆಗಲ್ಲ, ಜಾಸ್ತಿನೂ ಆಗಲ್ಲ." ಶಿವರತ್ನಮ್ಮ ಮುಚ್ಚಳ ಹಾಕಿದರು. "ನಿಮ್ಮ ಮನೇಲಿಲ್ವಾ?"

ಇತ್ತು. ಕೊಳ್ಳೇಗಾಲದ ಮನೆಯಲ್ಲಿ, ಅವಳ ಮಂಚದ ಕೆಳಗೇ ಒಂದು ಸೂಟ್‌ಕೇಸು ತುಂಬ ಇತ್ತು. ಈಗ ಈ ಶಾಸ್ತ್ರಕ್ಕೆ ಬರುವಾಗ ಶಿವರಂಜನಿಗೆ ಕೊಟ್ಟ ಸೀರೆಯ ಮೇಲಿನ ಕಣವನ್ನೂ ಅವಳು ಅದರಿಂದಲೇ ತೆಗೆದುಕೊಂಡು ಬಂದಿದ್ದಳು. ತನ್ನದೇ ಅಂಗಡಿಯಿಂದ ಹೊಸದು ತರುವುದು ಅವಳಿಗೆ ಹೊಳೆದೇ ಇರಲಿಲ್ಲ. ಮನೆಯ ಹೆಂಗಸಾಗಿ ಅವಳಿಗೆ ಗೊತ್ತಿದ್ದುದು ಅಂಗಡಿಯಲ್ಲಿ ಕೂತಾಗ ಗೊತ್ತಿರಲಿಲ್ಲ. ಕರೋನ ಮುಗಿದ ಮೇಲೆ ಒಂದೇ ಸಮ ಶಾಸ್ತ್ರಗಳು ನಡೆದು ಜನ ಕೊಂಡರು. ಅದನ್ನು ಅವಳು ವ್ಯಾಪಾರ ಬೆಳೆಯಿತು ಎಂದು ತಿಳಿದಳು. ಟ್ರಂಕುಗಳು ತುಂಬುತ್ತಿದ್ದವು, ಅಷ್ಟೆ. ಈಗ ತುಂಬಿದ್ದವು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಹನೂರಿನವರೆಗೂ ಕಂಬಿ ಹಿಡಿದು ನಿಂತಳು. ಬ್ಯಾಗಿನಲ್ಲಿ ಆರ್ಡರುಗಳೂ ಇದ್ದವು, ಕಿರಮಂಜಿ ಕಣವೂ ಇತ್ತು. ಆರ್ಡರುಗಳನ್ನು ಮಾತ್ರ ಅಪ್ಪನ ಮುಂದಿಟ್ಟರೆ ಗೋಡೆ ಇನ್ನೊಂದು ವರ್ಷ ಉಳಿಯುತ್ತದೆ. ಆ ವರ್ಷ ಬೆಳಿಗ್ಗೆ ಎದ್ದು ಹೋಗಲು ಅವಳಿಗೆ ಜಾಗವಿರುತ್ತದೆ. ಮುಂದಿನ ಗೌರಿಗೆ ಮಾಲು ಅಟ್ಟಣಿಗೆಗಳಿಂದ ತಿರುಗಿ ಬರುತ್ತದೆ. ಅಷ್ಟರಲ್ಲಿ ಮೇವಿನ ಕಂಪನಿ ಬೇರೆ ಗೋಡೌನು ನೋಡಿಕೊಂಡಿರುತ್ತದೆ. ಹನೂರಿನಲ್ಲಿ ಸೀಟು ಸಿಕ್ಕಿತು. ಕೂತ ಕೂಡಲೇ ನಿದ್ದೆ ಬಂತು.

ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದು ಮೂವರೂ ಕೂತರು. ಮಹದೇವಪ್ರಸಾದ್ ಎರಡು ದಿನದಿಂದ ಶೇವ್ ಮಾಡಿರಲಿಲ್ಲ.

"ಮೊದ್ಲು ನೀನ್ಯೋಳು" ಎಂದರು ಶಾಂತಮೂರ್ತಿ ಮಗನಿಗೆ.

"ಏನ್ ಯೋಳದು ಅಪ್ಪಾಜಿ. ಕಂಪ್ನಿಯವ್ರು ಜೋಳ ತಕತಾರೆ. ರೇಟು ಅವ್ರು ಯೋಳಿದ್ದು. ತೇವ ಜಾಸ್ತಿ ಅಂತ ಕಟ್ ಮಾಡೋರೂ ಅವ್ರೇ. ಕೋಳಿಗೆ ಸೀಕು ಬಂದ್ರೆ ಆ ವರ್ಸ ಇಲ್ಲ. ಆದ್ರೂ ದಿನಾ ಲಾರಿ ಬತ್ತವೆ. ಅರಿಸಿನದ್ದಂತೂ ನೆಚ್ಕಳಂಗೇ ಇಲ್ಲ."

"ಅಂದ್ರೆ ಚೆನ್ನಾಗದೆ ಅಂತಲೋ, ಇಲ್ಲ ಅಂತಲೋ?"

"ಚೆನ್ನಾಗೇನಿಲ್ಲ. ನಡೀತದೆ."

ಶಾಂತಮೂರ್ತಿ ಮಗಳ ಕಡೆ ತಿರುಗಿದರು. "ನಿಂದು ಯೋಳವ್ವ. ತುಂಬ ಆರ್ಡರ್ ಹಿಡ್ದಿದ್ದೀಯಂತೆ. ಯಳಂದೂರಿಂದ ಚಿಕ್ಕಸಿದ್ದಯ್ಯ ಫೋನ್ ಮಾಡಿದ್ದ, ಮಗಳು ಗಟ್ಟಿಗಿತ್ತಿ ಅಂದ."

ಇದನ್ನು ಅವರು ಅವಳ ಪರವಾಗಿಯೇ ಹೇಳಿದ್ದರು. ಅದು ಮೂವರಿಗೂ ಗೊತ್ತಾಯಿತು. ಮಹದೇವಪ್ರಸಾದ್ ಗೋಡೆಯ ಕಡೆ ನೋಡಿದ.

ನಾಗಶ್ರೀ ಬ್ಯಾಗಿನಿಂದ ಕಣ ತೆಗೆದು ಮೇಜಿನ ಮೇಲಿಟ್ಟಳು. ಶಾಂತಮೂರ್ತಿ ಕನ್ನಡಕ ಏರಿಸಿ ಚೀಟಿ ನೋಡಿದರು.

"ಅಪ್ಪನ ಹೆಸರಲ್ವಾ ಇದು. ಎಲ್ಲಿತ್ತು?"

"ಅತ್ತೆ ಮನೇಲಿ. ಅದಕ್ಕಿಂತ ಮುಂಚೆ ಮುಳ್ಳೂರಲ್ಲಿತ್ತು. ಐದು ವರ್ಷದಿಂದ ಊರೂರು ತಿರುಗ್ತಾ ಅದೆ. ಎಲ್ಲರ ಮನೇಲೂ ಟ್ರಂಕ್ ತುಂಬ ಇದಾವೆ ಅಪ್ಪಾಜಿ. ನಮ್ಮನೇಲೂ ಇದಾವೆ. ಇನ್ನು ಯಾರೂ ತಕಳಲ್ಲ."

"ಮತ್ತೆ ಆರ್ಡರು?"

"ದುಡ್ಡು ಕೇಳಲ್ಲ ಅಂತ ಯೋಳಿ ಹಿಡ್ದಿದ್ದು."

ಮಹದೇವಪ್ರಸಾದ್ ಕಣ ಎತ್ತಿಕೊಂಡು ಮೂಸಿ ಕೆಳಗಿಟ್ಟ. ಗೆದ್ದವನ ಹಾಗೆ ಕಾಣಲಿಲ್ಲ. "ಸುಮ್ನೆ ಇದ್ದಿದ್ರೆ ಅಪ್ಪಾಜಿ ನಿಂಗೇ ಕೊಡೋರು" ಎಂದ.

"ಗೊತ್ತು."

"ಮತ್ಯಾಕೆ?"

"ಮುಂದಿನ ವರ್ಷ ಆ ಕಟ್ಟುಗಳನ್ನೆಲ್ಲ ನಾನೇ ವಾಪಸ್ ಹೊರಬೇಕು ಕಣೋ. ನಂಗಾಗಲ್ಲ." ಆಮೇಲೆ ಅಂದಳು, "ಗೋಡೆ ತೆಗಿ. ಆದ್ರೆ ನಾನು ಮನೇಲಿ ಕೂರಲ್ಲ. ತೂಕ, ತೇವ ನೋಡೋದು ನಂಗೆ ಬಿಡು. ನಿಂಗೆ ಹಳ್ಳಿ, ಗೋಡೌನು ಎರಡೂ ಕಡೆ ಓಡಾಡೋಕೆ ಆಗ್ತಿಲ್ಲ, ಅದ್ಕೆ ಕಂಪ್ನಿಯವ್ರು ಹೇಳಿದ್ದಕ್ಕೆಲ್ಲ ತಲೆ ಆಡಿಸ್ತಾ ಇದ್ದೀಯ."

"ಲಾರಿಯವ್ರ ಬಾಯಿ ಚೆನ್ನಾಗಿರಲ್ಲ ಕಣಮ್ಮ."

"ನಂಜನಗೂಡಿನ ಅತ್ತೆ ಬಾಯಿಗಿಂತ್ಲೂನಾ?"

ಶಾಂತಮೂರ್ತಿಗೆ ನಗು ಬಂತು, ಕೆಮ್ಮಿ ನುಂಗಿದರು. "ಆಯ್ತು ಬಿಡ್ಲಾ, ಮಾಡ್ಲಿ" ಎಂದು ಮಗನಿಗೆ ಹೇಳಿ ಎದ್ದರು. ಮೊಣಕಾಲು ಹಿಡಿದುಕೊಂಡಿತ್ತು. ಮೇಜು ಹಿಡಿದು ನಿಂತು, ಗೋಡೆಯನ್ನು ಯಾರ ಹತ್ತಿರ ತೆಗೆಸುವುದು ಎಂದು ಕೇಳಿದರು.

ಸೋಮವಾರ ಅವಳು ಈರೋಡಿಗೆ ಫೋನು ಮಾಡಿ ಬೇಡ ಎಂದಳು. ಪ್ಲೈವುಡ್ಡನ್ನು ಬಡಗಿಯೊಬ್ಬ ಬಿಚ್ಚಿಕೊಂಡು ಹೋದ. ಮಾರದೆ ಉಳಿದ ಕಟ್ಟುಗಳನ್ನು ಅಟ್ಟಕ್ಕೆ ಏರಿಸಿದರು. ತಾತನ ಕಾಲದಲ್ಲಿ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು: ಮಾಲು ತಂದವರ ಮನೆಯ ಹೆಂಗಸು ಜೊತೆಗೆ ಬಂದಿದ್ದರೆ ಅವಳಿಗೆ ಒಂದು ಕಣ. ಆ ಲೆಕ್ಕದಲ್ಲಿ ಹೋದರೆ ಇವು ಕರಗಲು ಬಹಳ ವರ್ಷ ಬೇಕು ಎಂದು ಮಹದೇವಪ್ರಸಾದ್ ಹೇಳಿದ.

ದಸರೆ ಕಳೆದು ಜೋಳ ಬರತೊಡಗಿತು. ಬೆಳಿಗ್ಗೆಯಿಂದ ಧೂಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾಗಶ್ರೀ ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು ತೇವದ ಮೀಟರಿಗೆ ಹಾಕುತ್ತಿದ್ದಳು. ಲಾರಿಯವರ ಬಾಯಿ ನಿಜವಾಗಿಯೂ ಚೆನ್ನಾಗಿರಲಿಲ್ಲ. ಒಂದು ವಾರದಲ್ಲಿ ಅವಳದೂ ಕೆಟ್ಟಿತು.

ಮುಳ್ಳೂರಿನ ಚಿಕ್ಕನಿಂಗಮ್ಮ ಗಂಡನ ಜೊತೆ ಟ್ರ್ಯಾಕ್ಟರಿನಲ್ಲಿ ಬಂದಿದ್ದಳು. ತೂಕವಾಯಿತು, ಚೀಟಿ ಕೊಟ್ಟಾಯಿತು, ಗಂಡ ಟ್ರ್ಯಾಕ್ಟರ್ ಹತ್ತಿ ಕೂತ. ಅವಳು ಕದಲಲಿಲ್ಲ.

"ಏನಮ್ಮಾ?"

"ಏನಿಲ್ಲ ಕಣವ್ವ. ನಿಮ್ ತಾತನೋರು ಇದ್ದಾಗ ಒಂದ್ ಕಣ ಕೊಡೋರು."

ಅಟ್ಟ ಹತ್ತಲು ನಾಗಶ್ರೀಗೆ ಮೈ ಬಗ್ಗಲಿಲ್ಲ. ಅಪ್ಪನ ಮೇಜಿನ ಡ್ರಾಯರ್ ಎಳೆದಳು. ಆ ಭಾನುವಾರ ಅಪ್ಪ ಎತ್ತಿಟ್ಟಿದ್ದ ಕಿರಮಂಜಿ ಕಣ ಅಲ್ಲೇ ಇತ್ತು. ಧೂಳು ಕೊಡವಿ ಕೊಟ್ಟಳು.

ಚಿಕ್ಕನಿಂಗಮ್ಮ ಅದನ್ನು ಉಜ್ಜಿ ನೋಡಿದಳು. "ಕಾಟನ್ನಾ, ಪಾಲಿಯೆಸ್ಟ್ರಾ?"

"ಹೊಲಿಸ್ತೀಯಾ?"

"ಹೊಲ್ಸೋಕ್ಯಾಕೆ?"

"ಮತ್ತೆ ಯಾವುದಾದ್ರೇನು ತಕಂಡೋಗು."

ಚಿಕ್ಕನಿಂಗಮ್ಮ ನಕ್ಕು ಅದನ್ನು ಮಡಿಕೆ ಬಿಚ್ಚದೆ ಬ್ಯಾಗಿಗೆ ಹಾಕಿಕೊಂಡಳು. ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ನಾಗಶ್ರೀ ಕೊಳವೆ ಎತ್ತಿಕೊಂಡು, ಸತ್ತೋಗ್ತೀಯೇನೋ ಎರಡು ನಿಮಿಷ ತಡ್ಕೊಂಡ್ರೆ ಎಂದು ಕೂಗುತ್ತಾ ಅವನ ಕಡೆ ಹೋದಳು.